ಐದು ತೂತಿಗೆ ಎದುರುಮನೆಯಿಲ್ಲ

ಬಲ್ಲರಾಟ್‌ನ ಜೂನ್ ಚಳಿಗೆ ಟೇಪು ಕೂಡ ಸೆಟೆಯುತ್ತದೆ.
ಕೊರಳಲ್ಲಿ ಇಳಿಬಿಟ್ಟುಕೊಂಡೇ ಬಂದೆ ಅಂಗಡಿಯಿಂದ,
ಯಾರದೋ ಮದುವೆಯ ಗೌನಿಗೆ ಎರಡನೆಯ ಸಲ
ಸೊಂಟ ಬಿಚ್ಚಿ ಅರ್ಧ ಇಂಚು ದಯಪಾಲಿಸಿ.

ಪಕ್ಕದ ಮನೆಯ ತಗಡಿನ ಮಾಡಿನಡಿ
ಮರ್ವಿನ್ ಟ್ರೆಲೋರನ ಮಾಜ್ದಾ
ದಿಮ್ಮಿಗಳ ಮೇಲೆ, ಚಪ್ಪಲಿ ಹೊರಗೆ ಬಿಟ್ಟವರ ಹಾಗೆ.
ಮೈತುಂಬ ಆಲಿಕಲ್ಲಿನ ಗುಳಿ; ಸೋಮವಾರ ಗುಜರಿಗೆ.
ಚಕ್ರಗಳು ಮಾತ್ರ ಹೊಸವು. ಹಾಕಿಸಿದ ಆರು ತಿಂಗಳಿಗೆ
ಕಣ್ಣಿನ ಡಾಕ್ಟರು ಅಂದರಂತೆ: ಸಾಕು ಓಡಿಸಿದ್ದು.

ಆಗುತ್ತಾ ನೋಡು ನೀಲ್, ನಿನ್ನ ಕ್ಯಾಮ್ರಿಗೆ, ಅಂದ.
ನೀಲಗಂಗಾ ಎಂಬುದನ್ನು ಕತ್ತರಿಸಿ
ತನ್ನ ಬಾಯಿಗೆ ಹೊಂದಿಸಿಕೊಂಡು ಹನ್ನೊಂದು ವರ್ಷ.
ಇಲ್ಲಿ ಅದು ಗಂಡಸರ ಹೆಸರು.
ಮೊದಮೊದಲು ಕಂಕುಳಲ್ಲಿ ಹಿಡಿಯುತ್ತಿತ್ತು.
ಈಗ ಸಡಿಲಾಗಿದೆ.

ಎರಡೂ ಐದು ತೂತಿನವೇ.
ನಾಲ್ಕಾಗಿದ್ದರೆ ಎದುರುಬದುರು ಟೇಪು ಹಿಡಿದರೆ ಮುಗಿಯಿತು.
ಐದರಲ್ಲಿ ಯಾರಿಗೂ ಎದುರುಮನೆಯಿಲ್ಲ;
ನೇರ ನೋಡಿದರೆ ಇಬ್ಬರ ನಡುವಿನ ಗೋಡೆ.
ಪಕ್ಕದವರನ್ನೇ ವಿಚಾರಿಸಬೇಕು:
ಈ ತೂತಿನ ನಡುವಿನಿಂದ ಆ ತೂತಿನ ನಡುವಿಗೆ
ಅರವತ್ತೇಳು ಮಿಲಿಮೀಟರ್. ನನ್ನದೂ ಅರವತ್ತೇಳು.
ಬಟ್ಟೆಯ ಟೇಪು ಒಂದರ್ಧ ಸುಳ್ಳು ಹೇಳೀತು,
ಹೇಳಲಿ, ಇಬ್ಬರಿಗೂ ಒಂದೇ ಸುಳ್ಳು.

ಬೋರಲು ಹಾಕಿ ಕಡ್ಡಿಯ ಮಣ್ಣು ಒರೆಸಿದೆ.
ಅಚ್ಚೊತ್ತಿದ ಐವತ್ತು. ನನ್ನದು ನಲವತ್ತೈದು.
ಅಂದರೆ ಐದು ಮಿಲಿ ಒಳಕ್ಕೆ ಸರಿದು ನಿಲ್ಲುತ್ತದೆ.
ಅಷ್ಟನ್ನು ನಾವು ಹೊಲಿಗೆಯ ಅಂಚಿಗೇ ಬಿಡುತ್ತೇವೆ.
ಸ್ಟೇರಿಂಗ್ ಈ ತುದಿ ಆ ತುದಿ ತಿರುಗಿಸಿ
ಟೈರಿನ ಹಿಂದಿನ ಸಂದಿಗೆ ಸೀಮೆಸುಣ್ಣ ತೂರಿಸಿದೆ:
ಮುರಿಯದೆ ಹೊರಬಂತು.

ನಡುವಿನ ಬಾಯಿ ಮಾತ್ರ ದೊಡ್ಡದು,
ಏಳು ಮಿಲಿ, ಲೊಡಲೊಡ.
ಸೆಬಾಸ್ಟೊಪೋಲ್ ಬೀದಿಯ ಬಿಡಿಭಾಗದಂಗಡಿಯಲ್ಲಿ
ನಾಲ್ಕು ಕರಿ ಪ್ಲಾಸ್ಟಿಕ್ ಬಳೆ, ಇಪ್ಪತ್ತೆರಡು ಡಾಲರು.
ನಮ್ಮ ಬಳೆಗಾರನಾದರೆ ಕೈ ಹಿಸುಕಿಯೇ ಹೇಳುತ್ತಿದ್ದ;
ಗಲ್ಲಾದ ಹುಡುಗಿ ಒಳಗೆಷ್ಟು ಹೊರಗೆಷ್ಟು
ದಶಮಾಂಶ ಸಮೇತ ಕೇಳಿದಳು.
ತೊಡಿಸುವಾಗ ಬಿಗಿ, ತೊಡಿಸಿದ ಮೇಲೆ ತನ್ನದೇ.

ಗೆದ್ದೆ ಅಂದುಕೊಂಡು ಹಳೆಯ ನಟ್ಟು ಎತ್ತಿಕೊಂಡೆ.
ನಿಲ್ಲು, ಅಂದ ಮರ್ವಿನ್.
ಅವನಿಗೆ ಈಗ ಯಾವುದರದೂ ನಡು ಕಾಣುವುದಿಲ್ಲ.
ನನ್ನ ಕಿವಿ ಕಾಣುತ್ತದಂತೆ, ಜಡೆ ಕಾಣುತ್ತದಂತೆ,
ಮೂಗಿನ ಜಾಗದಲ್ಲಿ ಹೊಗೆ.
ತಡವುತ್ತ ಬಂದು ತೂತಿಗೆ ಹೆಬ್ಬೆರಳು ಇಳಿಬಿಟ್ಟ,
ಮಗುವಿನ ಬಾಯಲ್ಲಿ ಹಲ್ಲು ಮೂಡಿತೇ ಎಂದು ನೋಡುವಂತೆ.
ಇದು ಒಳಗೆ ಇಳಿಜಾರು, ಆಲಿಕೆಯ ಹಾಗೆ.
ನಿನ್ನ ನಟ್ಟಿಗೆ ಚಪ್ಪಟೆ ವಾಷರು.
ಕಚ್ಚಿದಂತೆ ನಟಿಸುತ್ತದೆ ನೀಲ್, ಕಚ್ಚುವುದಿಲ್ಲ.

ಇಷ್ಟು ಅಳೆದು ಸುರಿದು,
ಕುತ್ತಿಗೆಗೆ ಬರುವುದನ್ನೇ ಅಳೆದಿರಲಿಲ್ಲ ನಾನು.
ಮತ್ತೆ ಸೆಬಾಸ್ಟೊಪೋಲಿಗೆ. ಅದೇ ಹುಡುಗಿ.
ಇಪ್ಪತ್ತು ನಟ್ಟು, ಮೂತಿ ಚೂಪಾದವು.

ಒಂದು ಬಿಟ್ಟು ಒಂದು, ರಂಗೋಲಿಯ ನಕ್ಷತ್ರ ಎಳೆದಂತೆ
ಬಿಗಿ ಮಾಡಿದೆ. ಅವನು ಎಣಿಸಿದ.
ನೂರು ಕಿಲೋಮೀಟರ್ ಓಡಿದ ಮೇಲೆ
ಮತ್ತೊಮ್ಮೆ ಬಿಗಿಯಬೇಕು, ಮರೆಯಬೇಡ, ಅಂದ.
ಅಂದವನು ಕೋಟು ಹಾಕಿಕೊಂಡು ಬಂದು
ಎಡಗಡೆಯ ಸೀಟಿನಲ್ಲಿ ಕುಳಿತೇಬಿಟ್ಟ.

ವೆಂಡೂರಿ ಕೆರೆಗೆ ಒಂದು ಸುತ್ತು ಆರು ಕಿಲೋಮೀಟರ್.
ಕಪ್ಪು ಹಂಸಗಳು ದಡದ ಹುಲ್ಲು ಕೀಳುತ್ತಿದ್ದವು.
ಕಿಟಕಿ ಇಳಿಸಿ ಕಿವಿಯನ್ನು ಗಾಳಿಗೆ ಕೊಟ್ಟಿದ್ದ.
ಮೂರನೆಯ ಸುತ್ತಿಗೆ ಬೆರಿಲ್ ಫೋನು ಮಾಡಿದಳು:
ಸೂಪು ಆರುತ್ತಿದೆ.
ನಾಲ್ಕನೆಯ ಸುತ್ತಿಗೆ ಕೇಳಿದೆ, ಸದ್ದೇನಾದರೂ ಇದೆಯಾ?

ಇನ್ನೂ ಸರಿಯಾಗಿ ತಿಳಿಯುತ್ತಿಲ್ಲ, ಅಂದ.
ಇನ್ನೊಂದು ಹೋಗು.